ಕೊಸರಿನ ಲೆಕ್ಕ: ಬಿಟ್ಟಿ ವಿಮಾನ ಪ್ರಯಾಣದ ಚರಿತ್ರೆ

ನಮ್ಮ ಸಂತೆಗಳಲ್ಲಿ ತರಕಾರಿ ತೂಗಿ ಮುಗಿದ ಮೇಲೆ ಒಂದಿಷ್ಟು ಕರಿಬೇವು, ನಾಲ್ಕು ಹಸಿಮೆಣಸು ಚೀಲಕ್ಕೆ ಬೀಳುವುದುಂಟು. ಮೀನು ಮಾರುವವಳು ಎಣಿಸಿ ಕೊಟ್ಟ ಬಂಗುಡೆಯ ಮೇಲೆ ಇನ್ನೊಂದನ್ನು, ತುಸು ಸಣ್ಣದನ್ನು, ಎಸೆಯುತ್ತಾಳೆ. ಇದಕ್ಕೆ ಕನ್ನಡದಲ್ಲಿ ಕೊಸರು ಎಂಬ ಒಳ್ಳೆಯ ಹೆಸರಿದೆ. ಕೊಸರು ಕೊಡುವವಳ ಬುಟ್ಟಿ ನಮ್ಮ ಕಣ್ಣೆದುರೇ ಇರುತ್ತದೆ. ಕೊಟ್ಟಷ್ಟು ಅವಳ ಬುಟ್ಟಿಯಿಂದ ಕಡಿಮೆಯಾಗುತ್ತದೆ. ಲೆಕ್ಕ ಅಷ್ಟೇ. ನಾವು ಚಿಕ್ಕವರಿದ್ದಾಗ ಬಿನಾಕಾ ಟೂತ್‌ಪೇಸ್ಟಿನ ಪೆಟ್ಟಿಗೆಯೊಳಗೆ ಸಿಗುತ್ತಿದ್ದ ಪ್ಲಾಸ್ಟಿಕ್ ಆನೆ, ಒಂಟೆಗಳೂ ಇಂಥ ಕೊಸರೇ ಆಗಿದ್ದವು. ಅದರ ಆಸೆಗೆ ಪೇಸ್ಟನ್ನು ಬೇಗ ಮುಗಿಸಿ ಬೈಸಿಕೊಂಡವರು ಈ ಲೇಖನದ ಓದುಗರಲ್ಲೂ ಇರಬಹುದು.

ಕೆಲವು ತಿಂಗಳ ಹಿಂದೆ ಮದುವೆ ಮನೆಯೊಂದರಲ್ಲಿ ನಮ್ಮೂರಿನ ತರುಣನೊಬ್ಬ ಸಿಕ್ಕಿದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿಯೊಂದಿಗೆ ಇಸ್ತಾಂಬುಲ್ ನೋಡಿಕೊಂಡು ಬಂದಿದ್ದ. ವಿಮಾನದ ಟಿಕೇಟಿಗೆ ಕೈಯಿಂದ ಹೋದದ್ದು ತೆರಿಗೆಯ ಹಣ ಮಾತ್ರ, ಉಳಿದುದೆಲ್ಲ ಕ್ರೆಡಿಟ್ ಕಾರ್ಡಿನ ಪಾಯಿಂಟುಗಳಿಂದ ಸಂದಾಯವಾಯಿತು ಎಂದು ಸಂತೋಷದಿಂದ ಹೇಳಿದ. ಅದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದ ಬಟ್ಟೆ ಅಂಗಡಿಯ ಹಿರಿಯರೊಬ್ಬರು, “ಹಾಗಾದರೆ ದುಡ್ಡು ಕೊಟ್ಟದ್ದು ಯಾರು ಮಗಾ?” ಎಂದು ಕೇಳಿದರು. “ಬ್ಯಾಂಕಿನವರು, ಕಾಕಾ.” “ಬ್ಯಾಂಕಿನವರು ಯಾವಾಗಿನಿಂದ ಬಿಟ್ಟಿ ಕೊಡತೊಡಗಿದರು?” ತರುಣ ನಕ್ಕು ಸುಮ್ಮನಾದ. ಮಾತು ಬಿರಿಯಾನಿಯ ಕಡೆಗೆ ತಿರುಗಿತು. ಆದರೆ ಹಿರಿಯರ ಪ್ರಶ್ನೆ ನಮ್ಮ ಬೆನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದರೆ ಅದು ನೂರ ಮೂವತ್ತು ವರ್ಷಗಳಷ್ಟು ಹಿಂದಕ್ಕೆ ಕರೆದೊಯ್ಯುತ್ತದೆ.

ಕೊಸರನ್ನು ವ್ಯಾಪಾರಿಯ ಕೈಯಿಂದ ತೆಗೆದು ಅದನ್ನೇ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆಸಿದವರು ಅಮೆರಿಕನರು. 1891ರಲ್ಲಿ ಮಿಲ್ವಾಕಿ ನಗರದ ಶುಸ್ಟರ್ಸ್ ಎಂಬ ದೊಡ್ಡ ಅಂಗಡಿ ತನ್ನ ಗಿರಾಕಿಗಳಿಗೆ ಅಂಚೆಚೀಟಿಯನ್ನು ಹೋಲುವ ಚೀಟಿಗಳನ್ನು ಕೊಡಲಾರಂಭಿಸಿತು. ಎಲ್ಲರಿಗೂ ಅಲ್ಲ, ಸಾಲ ಹೇಳದೆ ನಗದು ಎಣಿಸುವವರಿಗೆ. ಉದ್ರಿ ಗಿರಾಕಿಗಳ ಕಾಟದಿಂದ ಬೇಸತ್ತ ಅಂಗಡಿಯವರು ಕಂಡುಕೊಂಡ ಉಪಾಯ ಅದು. ಇಂದು ಅದೇ ಬಹುಮಾನ ನಗದು ಬಿಟ್ಟು ಸಾಲದ ಕಾರ್ಡು ಉಜ್ಜುವವರಿಗೆ ಸಿಗುತ್ತಿದೆ. ಚರಿತ್ರೆ ಹೀಗೆ ಮಗುಚಿಕೊಂಡ ಬಗೆಯನ್ನು ಮುಂದೆ ನೋಡೋಣ.

1896ರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಇಬ್ಬರು ಈ ಚೀಟಿಗಳದ್ದೇ ಕಂಪೆನಿಯೊಂದನ್ನು ತೆರೆದರು. ಅವರಿಗೆ ಸ್ವಂತ ದಿನಸಿ ಅಂಗಡಿ ಇರಲಿಲ್ಲ. ಹಸಿರು ಚೀಟಿಗಳನ್ನು ಮುದ್ರಿಸಿ ಊರೂರಿನ ಅಂಗಡಿಗಳಿಗೆ ಮಾರುತ್ತಿದ್ದರು. ಅಂಗಡಿಯವನು ಹತ್ತು ಸೆಂಟಿನ ವ್ಯಾಪಾರಕ್ಕೊಂದು ಚೀಟಿ ಕೊಡುವನು. ಮನೆಯ ಹೆಂಗಸರು ನಾಲಗೆಯಲ್ಲಿ ಒದ್ದೆ ಮಾಡಿ ಪುಸ್ತಕಕ್ಕೆ ಅಂಟಿಸುವರು. 1200 ಚೀಟಿಗಳಿಗೆ ಪುಸ್ತಕ ತುಂಬಿದರೆ ಕಂಪೆನಿಯ ಮಳಿಗೆಗೆ ಹೋಗಿ ಇಸ್ತ್ರಿಪೆಟ್ಟಿಗೆಯನ್ನೋ ಕಂಬಳಿಯನ್ನೋ ತರುವರು. ಅಂಗಡಿಯವನಿಗೆ ಇದರ ಖರ್ಚು ಅವನ ವ್ಯಾಪಾರದ ಸುಮಾರು 2ರಿಂದ 3 ಶೇಕಡಾ. ಓದುಗರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರಲಿದೆ.

ಮೊದಲು ಚೀಟಿ ಕೊಟ್ಟ ಅಂಗಡಿಗೆ ಗಿರಾಕಿಗಳು ಮುಗಿಬಿದ್ದರು. ಎದುರಿನ ಅಂಗಡಿಯವನೂ ಕೊಡಲೇಬೇಕಾಯಿತು. ಕೊನೆಗೆ ಬೀದಿಯ ಎಲ್ಲರೂ ಕೊಡತೊಡಗಿದಾಗ ಯಾರಿಗೂ ಹೆಚ್ಚಿನ ಗಿರಾಕಿ ಇಲ್ಲ, ಖರ್ಚು ಮಾತ್ರ ಉಳಿಯಿತು. ಆ ಖರ್ಚು ಸಕ್ಕರೆ, ಸೋಪುಗಳ ಬೆಲೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿತು. 1960ರ ದಶಕದಲ್ಲಿ ಈ ಕಂಪೆನಿ ತಾನು ಅಮೆರಿಕದ ಅಂಚೆ ಇಲಾಖೆಗಿಂತ ಮೂರು ಪಟ್ಟು ಹೆಚ್ಚು ಚೀಟಿ ಮುದ್ರಿಸುತ್ತಿದ್ದೇನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು.

ಚೀಟಿ ವ್ಯಾಪಾರದ ಗುಟ್ಟು ಇನ್ನೊಂದು ಕಡೆಯಲ್ಲಿತ್ತು. ಅಂಗಡಿಯವನು ಚೀಟಿಗೆ ದುಡ್ಡನ್ನು ಇಂದೇ ಕೊಡುತ್ತಾನೆ, ಗಿರಾಕಿ ಅದನ್ನು ತಂದು ವಸ್ತು ಕೇಳುವುದು ವರ್ಷ ಕಳೆದ ಮೇಲೆ. ಕೆಲವರು ಕೇಳುವುದೇ ಇಲ್ಲ, ಪುಸ್ತಕ ಕಪಾಟಿನಲ್ಲಿ ಇಲಿಯ ಪಾಲಾಗುತ್ತದೆ. ನಡುವಿನ ಅಷ್ಟೂ ಕಾಲ ದುಡ್ಡು ಕಂಪೆನಿಯ ಬಳಿ ಬಡ್ಡಿಯಿಲ್ಲದೆ ಕೊಳೆಯುತ್ತಿರುತ್ತದೆ. ಕೊಳೆಯಲು ಬಿಡದ ಒಬ್ಬ ಮನುಷ್ಯ ಇದನ್ನು ಬೇಗನೆ ಗುರುತಿಸಿದ. ಅವನೇ ವಾರೆನ್ ಬಫೆಟ್. ಕ್ಯಾಲಿಫೋರ್ನಿಯಾದ ಬ್ಲೂ ಚಿಪ್ ಸ್ಟ್ಯಾಂಪ್ಸ್ ಎಂಬ ಚೀಟಿ ಕಂಪೆನಿಯ ಷೇರುಗಳನ್ನು ಆತ ಮತ್ತು ಅವನ ಸಂಗಡಿಗರು ಕೊಂಡರು. ಅಲ್ಲಿ ಬಿದ್ದಿದ್ದ ಹಣದಿಂದ 1972ರಲ್ಲಿ ಸೀಸ್ ಕ್ಯಾಂಡೀಸ್ ಎಂಬ ಮಿಠಾಯಿ ಕಂಪೆನಿಯನ್ನು ಎರಡೂವರೆ ಕೋಟಿ ಡಾಲರಿಗೆ ಖರೀದಿಸಿದರು. ಗೃಹಿಣಿಯರು ಅಂಟಿಸಿದ ಚೀಟಿಗಳಿಂದ ಒಂದು ಮಿಠಾಯಿ ಸಾಮ್ರಾಜ್ಯ! 1973ರ ತೈಲ ಬಿಕ್ಕಟ್ಟಿನ ಬಳಿಕ ಜನ ಚೀಟಿ ಬೇಡ, ಬೆಲೆ ಇಳಿಸಿ ಎನ್ನತೊಡಗಿದಾಗ ಹಸಿರು ಚೀಟಿಗಳ ಕಾಲ ಇಳಿಮುಖವಾಯಿತು.

ಅಷ್ಟರಲ್ಲಿ ಕಾರ್ಡು ಬಂದಾಗಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಆರಂಭವಾಯಿತು. ಅದರ ಸ್ಥಾಪಕ ಫ್ರಾಂಕ್ ಮೆಕ್‌ನಮಾರ ಹೋಟೆಲಿಗೆ ಊಟಕ್ಕೆ ಹೋಗಿ ಪರ್ಸು ಮರೆತದ್ದರಿಂದ ಈ ಕಲ್ಪನೆ ಹುಟ್ಟಿತೆಂಬ ಕತೆ ಬಹಳ ಪ್ರಸಿದ್ಧ. ಕತೆ ಚೆನ್ನಾಗಿದೆ, ಆದರೆ ಅದನ್ನು ಹೆಣೆದದ್ದು ಕಂಪೆನಿಯ ಪ್ರಚಾರದವರು ಎಂದು ಬಳಿಕ ಬಯಲಾಯಿತು. ನಮಗೆ ಮುಖ್ಯವಾದದ್ದು ಬೇರೊಂದು ಸಂಗತಿ. ಊಟ ಮಾಡಿದವರ ಬಿಲ್ಲಿನಲ್ಲಿ 7 ಶೇಕಡಾವನ್ನು ಡೈನರ್ಸ್ ಕ್ಲಬ್ ಹೋಟೆಲಿನವರಿಂದ ಮುರಿದುಕೊಳ್ಳುತ್ತಿತ್ತು. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ 60,000 ಜನರಿಗೆ, ಅವರು ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡು ಕಳುಹಿಸಿತು. ಇದೇ ಮುಂದೆ ವೀಸಾ ಆಯಿತು. ಮೂಲದಿಂದಲೂ ಕಾರ್ಡಿನ ಆದಾಯಕ್ಕೆ ಎರಡು ಒರತೆಗಳು: ಅಂಗಡಿಯವನು ಕೊಡುವ ಕಮಿಷನ್ ಮತ್ತು ಸಾಲ ತೀರಿಸಲಾಗದವನು ಕೊಡುವ ಬಡ್ಡಿ.

ಆಕಾಶದ ಪೈಪೋಟಿ

ಇನ್ನು ವಿಮಾನದ ಕಡೆಗೆ ಬರೋಣ. 1938ರಿಂದ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಹಾರಬೇಕು, ಟಿಕೇಟಿಗೆ ಎಷ್ಟು ಎಂಬುದನ್ನು ಸರಕಾರದ ಮಂಡಳಿಯೊಂದು ನಿರ್ಧರಿಸುತ್ತಿತ್ತು. ದರದಲ್ಲಿ ಸ್ಪರ್ಧೆಯೇ ಇಲ್ಲ. ಸ್ಪರ್ಧೆ ಇದ್ದುದು ಊಟದ ತಟ್ಟೆಯಲ್ಲಿ, ಪರಿಚಾರಿಕೆಯರ ಉಡುಪಿನಲ್ಲಿ. ಒಂದೇ ರಾಜ್ಯದೊಳಗೆ ಹಾರುವ ವಿಮಾನಗಳಿಗೆ ಈ ಮಂಡಳಿಯ ಅಂಕೆ ಇರಲಿಲ್ಲ. ಆ ಸಂದಿನಲ್ಲಿ 1971ರಲ್ಲಿ ಟೆಕ್ಸಾಸಿನಲ್ಲಿ ಸೌತ್‌ವೆಸ್ಟ್ ಕಂಪೆನಿ ಹುಟ್ಟಿ ಅಗ್ಗದ ದರಕ್ಕೆ ಜನರನ್ನು ಒಯ್ಯತೊಡಗಿತು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ನಿಯಂತ್ರಣ ತೆಗೆದುಹಾಕುವ ಕಾನೂನಿಗೆ ಸಹಿ ಹಾಕಿದರು. ಅಗ್ಗದ ಹೊಸ ಕಂಪೆನಿಗಳು ಎಲ್ಲೆಡೆ ತಲೆಯೆತ್ತಿದವು, ಹಳೆಯ ದೊಡ್ಡ ಕಂಪೆನಿಗಳು ಬೆವತವು.

ದೊಡ್ಡವರ ಚಿಂತೆ ಸಾಮಾನ್ಯ ಪ್ರಯಾಣಿಕನ ಬಗ್ಗೆ ಇರಲಿಲ್ಲ. ವಾರಕ್ಕೆರಡು ಬಾರಿ ಹಾರುವ, ಟಿಕೇಟಿನ ದರವನ್ನೇ ಕೇಳದ, ಕಂಪೆನಿಯ ಖರ್ಚಿನ ಪ್ರಯಾಣಿಕ ಕೈತಪ್ಪಿ ಹೋಗಬಾರದು ಎಂಬುದು ಅವರ ಚಿಂತೆ. ಅಮೆರಿಕನ್ ಏರ್‌ಲೈನ್ಸ್ ಬಳಿ ಸೇಬರ್ ಎಂಬ ಕಂಪ್ಯೂಟರ್ ವ್ಯವಸ್ಥೆ ಇತ್ತು. ಐಬಿಎಂ ಜತೆ ಸೇರಿ 1960ರ ದಶಕದಲ್ಲಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಟಿಕೇಟು ಕಾದಿರಿಸಿದವರ ದೂರವಾಣಿ ಸಂಖ್ಯೆಗಳಿದ್ದವು. ಪದೇ ಪದೇ ಬರುವ ಸಂಖ್ಯೆಗಳನ್ನು ಹೆಕ್ಕಿದಾಗ ಸುಮಾರು 1,30,000 ಹೆಸರುಗಳು ಸಿಕ್ಕಿದವು. ರಾಬರ್ಟ್ ಕ್ರಾಂಡಲ್ ಆ ಕಂಪೆನಿಯ ಅಧ್ಯಕ್ಷರಾಗಿದ್ದ 1981ರ ಮೇ 1ರಂದು, ಹಾರಿದ ಪ್ರತಿ ಮೈಲಿಯನ್ನು ಖಾತೆಗೆ ಜಮಾ ಮಾಡುವ ಆಡ್ವಾಂಟೇಜ್ ಯೋಜನೆ ಜಾರಿಗೆ ಬಂತು. ಹಸಿರು ಚೀಟಿ ಈಗ ಮೈಲಿಯಾಗಿ ಮರುಹುಟ್ಟು ಪಡೆಯಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡಾ ತನ್ನ ಯೋಜನೆ ಪ್ರಕಟಿಸಿತು. ಅದೇ ವರ್ಷದಲ್ಲಿ ಇತರರೂ ಹಿಂಬಾಲಿಸಿದರು. ಬೀದಿಯ ಎಲ್ಲಾ ಅಂಗಡಿಗಳೂ ಚೀಟಿ ಕೊಡತೊಡಗಿದ ಹಳೆಯ ಕತೆಯೇ ಮರುಕಳಿಸಿತು.

ಇಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ಟಿಕೇಟಿಗೆ ಹಣ ಕೊಟ್ಟದ್ದು ಮಾಲಿಕ, ಮೈಲಿ ಸಿಕ್ಕಿದ್ದು ನೌಕರನಿಗೆ. ಹಾಗಾದರೆ ಆ ಮೈಲಿ ಯಾರದು? ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಮೆರಿಕ ಈ ಪ್ರಶ್ನೆಯನ್ನು ನೌಕರನ ಪರವಾಗಿ ತೀರ್ಮಾನಿಸಿತು. 2001ರ ಡಿಸೆಂಬರಿನ ಕಾನೂನು ಸರಕಾರಿ ನೌಕರರಿಗೂ ಮೈಲಿಗಳನ್ನು ಸ್ವಂತಕ್ಕೆ ಇಟ್ಟುಕೊಳ್ಳಲು ಬಿಟ್ಟಿತು. 2002ರಲ್ಲಿ ತೆರಿಗೆ ಇಲಾಖೆಯೂ ಅದರ ಮೇಲೆ ತೆರಿಗೆ ಕೇಳುವುದಿಲ್ಲ ಎಂದಿತು.

ಅದೇ 2002ರಲ್ಲಿ ಜರ್ಮನಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸಂಸದರು ಸರಕಾರಿ ಪ್ರಯಾಣದಲ್ಲಿ ಗಳಿಸಿದ ಮೈಲಿಗಳನ್ನು ಖಾಸಗಿ ಪ್ರವಾಸಕ್ಕೆ ಬಳಸುವಂತಿಲ್ಲ ಎಂಬ ನಿಯಮ ಅಲ್ಲಿತ್ತು. ಚುನಾವಣೆಗೆ ಕೆಲವೇ ವಾರಗಳಿದ್ದಾಗ ‘ಬಿಲ್ಡ್’ ಪತ್ರಿಕೆ ನಿಯಮ ಮುರಿದವರ ಹೆಸರುಗಳನ್ನು ಒಂದೊಂದಾಗಿ ಪ್ರಕಟಿಸಿತು. ಮೊದಲು ಬಿದ್ದವರು ಗ್ರೀನ್ ಪಕ್ಷದ ಜೆಮ್ ಓಜ್ದೆಮಿರ್. ಟರ್ಕಿಯಿಂದ ಕೂಲಿಗೆ ಬಂದ ದಂಪತಿಯ ಮಗ. 1994ರಲ್ಲಿ ಜರ್ಮನಿಯ ಸಂಸತ್ತು ಪ್ರವೇಶಿಸಿದಾಗ ಟರ್ಕಿ ಮೂಲದವರ ಪಾಲಿಗೆ ಅದು ಹೊಸ ಬಾಗಿಲು ತೆರೆದಂತಾಗಿತ್ತು. ಪ್ರಚಾರ ವ್ಯವಹಾರದ ವ್ಯಕ್ತಿಯೊಬ್ಬನಿಂದ ಪಡೆದಿದ್ದ ಸಾಲವೂ ಸೇರಿಕೊಂಡು ಜುಲೈ ತಿಂಗಳಲ್ಲಿ ಅವರು ಪಕ್ಷದ ಹೊಣೆ ಬಿಟ್ಟರು, ಮುಂದಿನ ಸಂಸತ್ತಿನ ಸ್ಥಾನವನ್ನೂ ಒಲ್ಲೆ ಎಂದರು. ಬೆನ್ನಿಗೇ ಎಡಪಂಥೀಯ ನಾಯಕ ಗ್ರೆಗರ್ ಗೀಜಿ ಬರ್ಲಿನ್ ರಾಜ್ಯದ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅದು ಒಂದೆರಡು ವಿಮಾನ ಟಿಕೇಟುಗಳ ಬೆಲೆಯ ವಿಷಯ. ಕೋಟಿಗಳ ಹಗರಣಕ್ಕೂ ಕುರ್ಚಿ ಅಲುಗಾಡದ ನಾಡಿನಲ್ಲಿ ಕುಳಿತು ಇದನ್ನು ಓದುವಾಗ ನಮಗೆ ಮೊದಲು ನಗು ಬರುತ್ತದೆ, ಆಮೇಲೆ ಸಂಕೋಚವಾಗುತ್ತದೆ. ಓಜ್ದೆಮಿರ್ ಮನೆ ಸೇರಿಕೊಂಡು ಉಳಿಯಲಿಲ್ಲ. 2004ರಲ್ಲಿ ಯುರೋಪಿನ ಸಂಸತ್ತಿಗೆ, 2008ರಲ್ಲಿ ಪಕ್ಷದ ಸಹ ಅಧ್ಯಕ್ಷತೆಗೆ, 2021ರ ಡಿಸೆಂಬರಿನಲ್ಲಿ ಜರ್ಮನಿಯ ಕೃಷಿ ಮಂತ್ರಿ ಸ್ಥಾನಕ್ಕೆ ಏರಿದರು. ನಮ್ಮ ಕೇಂದ್ರ ಸರಕಾರದ ಪ್ರವಾಸ ಭತ್ಯೆಯ ನಿಯಮಗಳೂ ಅಧಿಕೃತ ಪ್ರಯಾಣದ ಮೈಲಿಗಳು ಅಧಿಕೃತ ಪ್ರಯಾಣಕ್ಕೇ ಬಳಕೆಯಾಗಬೇಕೆಂದು ಹೇಳುತ್ತವೆ ಎಂಬುದನ್ನು ಇಲ್ಲಿ ಸೇರಿಸಬೇಕು.

ಕಾರ್ಡಿಗೂ ಮೈಲಿಗೂ ನಂಟು

ಕಾರ್ಡು ಮತ್ತು ಮೈಲಿಯ ಮದುವೆ ನಡೆದದ್ದು 1980ರ ದಶಕದಲ್ಲಿ. 1987ರಲ್ಲಿ ಸಿಟಿ ಬ್ಯಾಂಕ್ ಮತ್ತು ಅಮೆರಿಕನ್ ಏರ್‌ಲೈನ್ಸ್ ಸೇರಿ ಖರ್ಚು ಮಾಡಿದ ಪ್ರತಿ ಡಾಲರಿಗೆ ಒಂದು ಮೈಲಿ ಕೊಡುವ ಕಾರ್ಡನ್ನು ತಂದವು. ಅಮೆರಿಕನ್ ಎಕ್ಸ್‌ಪ್ರೆಸ್ ತನ್ನದೇ ಮೈಲಿ ಯೋಜನೆಯನ್ನು 1991ರಲ್ಲಿ ಆರಂಭಿಸಿತು. ಇನ್ನು ಮೈಲಿ ಗಳಿಸಲು ವಿಮಾನ ಹತ್ತಬೇಕೆಂದೇ ಇಲ್ಲ. ಅಕ್ಕಿ ಕೊಂಡರೂ ಆಯಿತು, ಪೆಟ್ರೋಲು ತುಂಬಿಸಿದರೂ ಆಯಿತು. ವಿಮಾನ ಕಂಪೆನಿ ಮೈಲಿಗಳನ್ನು ಬ್ಯಾಂಕಿಗೆ ಸಗಟಾಗಿ ಮಾರುತ್ತದೆ. ಬ್ಯಾಂಕು ಅವನ್ನು ಗಿರಾಕಿಗಳಿಗೆ ಹಂಚುತ್ತದೆ. ಹಸಿರು ಚೀಟಿಯ ಕಂಪೆನಿಯಂತೆಯೇ ದುಡ್ಡು ಇಂದು, ಪ್ರಯಾಣ ಎಂದೋ ಒಂದು ದಿನ.

ಈ ಆಟದಲ್ಲಿ ಜಾಣರೂ ಹುಟ್ಟಿಕೊಂಡರು. 1999ರಲ್ಲಿ ಆಹಾರ ಕಂಪೆನಿಯೊಂದು ತನ್ನ ಪೊಟ್ಟಣಗಳ ಹತ್ತು ಬಾರ್‌ಕೋಡ್ ಕಳುಹಿಸಿದವರಿಗೆ 500 ಮೈಲಿ, ಮೊದಲ ಅವಧಿಯಲ್ಲೇ ಕಳುಹಿಸಿದರೆ ಅದರ ಇಮ್ಮಡಿ ಎಂದು ಘೋಷಿಸಿತು. ಕ್ಯಾಲಿಫೋರ್ನಿಯಾದ ಸಿವಿಲ್ ಇಂಜಿನಿಯರ್ ಒಬ್ಬರು ಆ ಕಂಪೆನಿಯ ಅತ್ಯಂತ ಅಗ್ಗದ ವಸ್ತು ಯಾವುದೆಂದು ಹುಡುಕಿದರು. 25 ಸೆಂಟಿನ ಪುಡ್ಡಿಂಗ್ ಬಟ್ಟಲು ಸಿಕ್ಕಿತು. ಊರೂರಿನ ಅಂಗಡಿಗಳಿಂದ 12,150 ಬಟ್ಟಲುಗಳನ್ನು 3,140 ಡಾಲರಿಗೆ ಬಾಚಿದರು. ಅಷ್ಟನ್ನು ತಿನ್ನುವವರು ಯಾರು, ಬಾರ್‌ಕೋಡ್ ಸುಲಿಯುವವರು ಯಾರು? ಪುಡ್ಡಿಂಗನ್ನು ಸಾಲ್ವೇಶನ್ ಆರ್ಮಿ ಎಂಬ ದತ್ತಿ ಸಂಸ್ಥೆಗೆ ದಾನ ಕೊಟ್ಟರು. ಅಲ್ಲಿನ ಸ್ವಯಂಸೇವಕರು ಚೀಟಿ ಸುಲಿದು ಕೊಟ್ಟರು. ಹನ್ನೆರಡೂವರೆ ಲಕ್ಷ ಮೈಲಿ ಖಾತೆಗೆ ಬಿತ್ತು, ದಾನಕ್ಕೆ ತೆರಿಗೆ ರಿಯಾಯಿತಿಯೂ ಸಿಕ್ಕಿತು! 2002ರಲ್ಲಿ ಬಂದ ಒಂದು ಹಾಲಿವುಡ್ ಚಿತ್ರದಲ್ಲಿ ಈ ಪ್ರಸಂಗವನ್ನು ಬಳಸಿಕೊಳ್ಳಲಾಗಿದೆ.

ಇದಕ್ಕಿಂತ ಸೊಗಸಾದದ್ದು ನಾಣ್ಯಗಳ ಕತೆ. ಒಂದು ಡಾಲರಿನ ನಾಣ್ಯವನ್ನು ಚಲಾವಣೆಗೆ ತರಲು ಅಮೆರಿಕದ ಸರಕಾರಿ ಟಂಕಸಾಲೆ ಮುಖಬೆಲೆಗೇ, ಸಾಗಾಟದ ಖರ್ಚಿಲ್ಲದೆ, ಮನೆಗೆ ನಾಣ್ಯ ಕಳುಹಿಸುತ್ತಿತ್ತು. ಜಾಣರು ಕ್ರೆಡಿಟ್ ಕಾರ್ಡಿನಲ್ಲಿ ಸಾವಿರಗಟ್ಟಲೆ ನಾಣ್ಯ ತರಿಸಿ, ಪೆಟ್ಟಿಗೆ ಬಿಚ್ಚದೆ ಬ್ಯಾಂಕಿಗೆ ಒಯ್ದು ಜಮಾ ಮಾಡಿ, ಅದೇ ಹಣದಿಂದ ಕಾರ್ಡಿನ ಬಾಕಿ ತೀರಿಸಿದರು. ಖರ್ಚು ಸೊನ್ನೆ, ಮೈಲಿಗಳು ಪೂರ್ತಿ. 2011ರಲ್ಲಿ ಟಂಕಸಾಲೆ ಕಾರ್ಡು ಸ್ವೀಕರಿಸುವುದನ್ನೇ ನಿಲ್ಲಿಸಿತು. ಯಾರಿಗೆ ನಷ್ಟವಾಯಿತು ಎಂದು ಕೇಳಿದರೆ, ನಾಣ್ಯ ಸಾಗಿಸಿದ ಖರ್ಚು ಮತ್ತು ಕಾರ್ಡಿನ ಕಮಿಷನ್ ಕೊಟ್ಟ ಸರಕಾರಕ್ಕೆ, ಎಂದರೆ ತೆರಿಗೆ ಕಟ್ಟಿದವರಿಗೆ.

ಮೈಲಿಗಳು ಎಷ್ಟು ದೊಡ್ಡ ಸಂಪತ್ತಾಗಿ ಬೆಳೆದವೆಂದರೆ, ಜಗತ್ತಿನಲ್ಲಿ ಬಳಕೆಯಾಗದೆ ಉಳಿದ ಮೈಲಿಗಳ ಬೆಲೆ ಚಲಾವಣೆಯಲ್ಲಿರುವ ಎಲ್ಲಾ ಡಾಲರ್ ನೋಟುಗಳನ್ನೂ ಮೀರಿದೆ ಎಂದು ಲಂಡನ್ನಿನ ‘ಇಕನಾಮಿಸ್ಟ್’ ವಾರಪತ್ರಿಕೆ 2005ರಲ್ಲಿ ಅಂದಾಜಿಸಿತ್ತು. 2020ರಲ್ಲಿ ಕೊರೋನಾ ಬಂದು ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಕಂಪೆನಿ ಸಾಲಕ್ಕಾಗಿ ತನ್ನ ಮೈಲಿ ಯೋಜನೆಯನ್ನೇ ಒತ್ತೆಯಿಟ್ಟಿತು. ಅದಕ್ಕೆ ಕಟ್ಟಿದ ಬೆಲೆ ಸುಮಾರು 2200 ಕೋಟಿ ಡಾಲರು. ಆಗ ಇಡೀ ಕಂಪೆನಿಯ ಷೇರುಗಳ ಒಟ್ಟು ಬೆಲೆ ಅದರ ಸುಮಾರು ಅರ್ಧದಷ್ಟಿತ್ತು. ವಿಮಾನಕ್ಕಿಂತ ವಿಮಾನದ ಕೊಸರು ದುಬಾರಿ!

ಯಾರ ಬುಟ್ಟಿಯಿಂದ?

ಈಗ ಮದುವೆ ಮನೆಯ ಪ್ರಶ್ನೆಗೆ ಬರೋಣ. ಕಾರ್ಡು ಉಜ್ಜಿದಾಗ ಅಂಗಡಿಯವನಿಗೆ ನೂರು ರೂಪಾಯಿಯ ಬದಲು ತೊಂಬತ್ತೆಂಟರ ಆಸುಪಾಸು ಸಿಗುತ್ತದೆ. ಮುರಿದುಕೊಂಡ ಎರಡರಲ್ಲಿ ಹೆಚ್ಚಿನ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಅದರಲ್ಲೊಂದು ತುಣುಕು ಪಾಯಿಂಟಾಗಿ ಗಿರಾಕಿಗೆ. ಹಸಿರು ಚೀಟಿಯ ಕಾಲದ ಅದೇ 2-3 ಶೇಕಡಾ ಎಂಬುದನ್ನು ಓದುಗರು ಗಮನಿಸಿರಬಹುದು. ಅಂಗಡಿಯವನು ಈ ನಷ್ಟವನ್ನು ಎಲ್ಲ ಸಾಮಾನಿನ ಬೆಲೆಗೂ ಸ್ವಲ್ಪ ಸ್ವಲ್ಪ ಸೇರಿಸುತ್ತಾನೆ. ಆ ಬೆಲೆಯನ್ನು ಕಾರ್ಡಿನವನೂ ಕೊಡುತ್ತಾನೆ, ನೋಟು ಎಣಿಸುವ ಕೂಲಿಯವನೂ ಕೊಡುತ್ತಾನೆ. ಪಾಯಿಂಟು ಮಾತ್ರ ಕಾರ್ಡಿನವನಿಗೆ.

ಇದು ಬರೀ ತರ್ಕವಲ್ಲ, ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಕೇಂದ್ರ ಬ್ಯಾಂಕಿನ ಬಾಸ್ಟನ್ ಶಾಖೆಯ ಮೂವರು ಅರ್ಥಶಾಸ್ತ್ರಜ್ಞರು 2010ರಲ್ಲಿ ತೋರಿಸಿದ ಪ್ರಕಾರ, ನಗದು ಬಳಸುವ ಕುಟುಂಬವೊಂದು ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡು ಬಳಸುವವರಿಗೆ ತನಗೆ ಗೊತ್ತಿಲ್ಲದೆ ದಾಟಿಸುತ್ತದೆ. ಕಾರ್ಡಿನ ಕುಟುಂಬಕ್ಕೆ ನಗದಿನವರಿಂದ 1,133 ಡಾಲರು ಸಿಗುತ್ತದೆ. ಕೊಡುವವರು ಹೆಚ್ಚಾಗಿ ಬಡವರು, ಪಡೆಯುವವರು ಹೆಚ್ಚಾಗಿ ಉಳ್ಳವರು. ಅದೇ ಕೇಂದ್ರ ಬ್ಯಾಂಕು ಪ್ರಕಟಿಸಿದ ಇನ್ನೊಂದು ಅಧ್ಯಯನ ಕಾರ್ಡುದಾರರ ನಡುವೆಯೇ ನಡೆಯುವ ವರ್ಗಾವಣೆಯನ್ನು ನೋಡಿತು. ಪಾಯಿಂಟಿನ ಮೋಹಕ್ಕೆ ಖರ್ಚು ಮಾಡಿ ಬಾಕಿ ಉಳಿಸಿಕೊಳ್ಳುವವರ ಬಡ್ಡಿಯಿಂದ, ಪ್ರತಿ ತಿಂಗಳೂ ಪೂರ್ತಿ ಕಟ್ಟುವ ಜಾಣರ ಪಾಯಿಂಟುಗಳಿಗೆ ಹಣ ಹರಿಯುತ್ತದೆ. ಮೊತ್ತ ವರ್ಷಕ್ಕೆ ಸುಮಾರು 1500 ಕೋಟಿ ಡಾಲರು. ಹರಿಯುವ ದಿಕ್ಕು ಕಡಿಮೆ ಓದಿದವರಿಂದ ಹೆಚ್ಚು ಓದಿದವರೆಡೆಗೆ, ಬಡ ಕೇರಿಗಳಿಂದ ಸಿರಿವಂತ ಕೇರಿಗಳೆಡೆಗೆ.

ಬಡ್ಡಿಯ ಮಾತು ಬಂದಾಗ ನಮ್ಮ ಓದುಗರಲ್ಲಿ ಹಲವರಿಗೆ ಬೇರೊಂದು ಪ್ರಶ್ನೆ ಎದ್ದೀತು: ಬಾಕಿಯನ್ನು ಗಡುವಿನೊಳಗೆ ಕಟ್ಟಿ, ಒಂದು ಪೈಸೆ ಬಡ್ಡಿ ಕೊಡದೆ ಗಳಿಸಿದ ಪಾಯಿಂಟಿನಲ್ಲಿ ಉಮ್ರಾಕ್ಕೆ ಹೋಗಬಹುದೇ ಎಂದು. ಅದನ್ನು ವಿದ್ವಾಂಸರು ಹೇಳಲಿ, ನಮ್ಮ ಅಧಿಕಾರವಲ್ಲ. ಆದರೆ ತಾನು ಬಡ್ಡಿ ಕೊಡಲಿಲ್ಲ ಎಂದ ಮಾತ್ರಕ್ಕೆ ಪಾಯಿಂಟಿನಲ್ಲಿ ಬಡ್ಡಿಯ ಹಣ ಸೇರಿಲ್ಲ ಎನ್ನಲು ಮೇಲಿನ ಲೆಕ್ಕ ಎಡೆಗೊಡುವುದಿಲ್ಲ. ನಮ್ಮ ದೇಶದಲ್ಲಿ ಕಾರ್ಡಿನ ಬಾಕಿಗೆ ತಿಂಗಳಿಗೆ 3ರಿಂದ 4 ಶೇಕಡಾ, ವರ್ಷಕ್ಕೆ 40ರ ಸುತ್ತಮುತ್ತ ಬಡ್ಡಿ ಬೀಳುತ್ತದೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವರ್ಷಕ್ಕೆ 30 ಶೇಕಡಾ ಮೀರಿದರೆ ಅದು ಅನ್ಯಾಯದ ವ್ಯಾಪಾರ ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ನೂರು ರೂಪಾಯಿ ಖರ್ಚಿಗೆ ಒಂದೆರಡು ರೂಪಾಯಿಯ ಪಾಯಿಂಟು, ಒಂದು ತಿಂಗಳು ತಪ್ಪಿದರೆ ಮೂರು ರೂಪಾಯಿಯ ಬಡ್ಡಿ. ಅಗ್ಗದ ಪ್ರಯಾಣದ ಆಸೆಗೆ ಕಾರ್ಡು ಪಡೆದವರು ಮೊದಲು ಕಲಿಯಬೇಕಾದ ಮಗ್ಗಿ ಇದು.

ಸರಕಾರಗಳು ಮನಸ್ಸು ಮಾಡಿದರೆ ಈ ಹರಿವನ್ನು ತಡೆಯಬಹುದು. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲಿ ಕಾರ್ಡಿನ ಕಮಿಷನ್ ತಗ್ಗಿಸಿತು. ಯುರೋಪಿನ ಒಕ್ಕೂಟ 2015ರಲ್ಲಿ ಕಾರ್ಡು ಕೊಟ್ಟ ಬ್ಯಾಂಕಿನ ಪಾಲಿಗೆ ಮಿತಿ ಹಾಕಿತು: ಕ್ರೆಡಿಟ್ ಕಾರ್ಡಿಗೆ 0.3, ಡೆಬಿಟ್ ಕಾರ್ಡಿಗೆ 0.2 ಶೇಕಡಾ. ಎರಡೂ ಕಡೆ ಪಾಯಿಂಟುಗಳು ಸೊರಗಿದವು. ಒರತೆ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕ ಈ ಚರಿತ್ರೆಯ ಎರಡೂ ದಾರಿಗಳನ್ನು ಕಣ್ಣಾರೆ ಕಂಡಿದೆ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದರು. ಹುಬ್ಬಳ್ಳಿಯಂಥ ಊರುಗಳಿಗೆ ವಿಮಾನ ಬಂತು. ಊಟವಿಲ್ಲ, ಪಾಯಿಂಟಿಲ್ಲ, ಕೆಲವು ಸೀಟುಗಳು ಒಂದು ರೂಪಾಯಿಗೂ ಮಾರಾಟವಾದವು. ಮೊದಲ ಬಾರಿ ವಿಮಾನ ಹತ್ತುವ ಅಜ್ಜ ಅಜ್ಜಿಯರನ್ನು ನಾವು ಅದರಲ್ಲಿ ನೋಡಿದ್ದೇವೆ. 2005ರಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ಬಂತು, ಬೆಡಗಿನ ಊಟೋಪಚಾರದೊಂದಿಗೆ, ಕಿಂಗ್ ಕ್ಲಬ್ ಎಂಬ ಮೈಲಿ ಯೋಜನೆಯೊಂದಿಗೆ. 2007ರಲ್ಲಿ ಅದು ಡೆಕ್ಕನನ್ನು ನುಂಗಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಾಗ ನೌಕರರ ಸಂಬಳ ಬಾಕಿ ಉಳಿಯಿತು, ಜನ ಜೋಪಾನ ಮಾಡಿದ್ದ ಮೈಲಿಗಳು ಗಾಳಿಗೆ ಹೋದವು.

ಜೆಟ್ ಏರ್‌ವೇಸ್‌ನದು ಇದಕ್ಕಿಂತ ವಿಚಿತ್ರ. ಅದು 2014ರಲ್ಲಿ ತನ್ನ ಮೈಲಿ ಯೋಜನೆಯನ್ನು ಬೇರೆ ಕಂಪೆನಿಯಾಗಿ ಬೇರ್ಪಡಿಸಿ, ಹೆಚ್ಚಿನ ಪಾಲನ್ನು ಅಬುಧಾಬಿಯ ಎತಿಹಾದ್‌ಗೆ ಮಾರಿತ್ತು. 2019ರ ಏಪ್ರಿಲ್ 17ರಂದು ಜೆಟ್‌ನ ಹಾರಾಟ ನಿಂತಿತು. ಸಾವಿರಾರು ನೌಕರರು ಸಂಬಳವಿಲ್ಲದೆ ಬೀದಿಗಿಳಿದರು. ಮೈಲಿ ಕಂಪೆನಿ ಮಾತ್ರ ಬದುಕಿ, ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರು ಇಟ್ಟುಕೊಂಡಿತು. ಕೊಸರು ಉಳಿಯಿತು, ಬುಟ್ಟಿಯೇ ಇರಲಿಲ್ಲ.

ಇತ್ತ 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ, ಮೈಲಿ ಖಾತೆ ಇಲ್ಲದೆ, ದರ ತಗ್ಗಿಸಿ ಸಮಯ ಪಾಲಿಸಿಯೇ ದೇಶದ ಅತಿ ದೊಡ್ಡ ವಿಮಾನ ಕಂಪೆನಿಯಾಗಿ ಬೆಳೆಯಿತು. ಪ್ರಯಾಣಿಕರಿಗೆ ಪಾಯಿಂಟು ಕೊಡುವ ಸ್ವಂತ ಯೋಜನೆಯನ್ನು ಅದು ತಂದದ್ದು 2024ರಲ್ಲಿ, ಆಗಲೇ ಅರ್ಧಕ್ಕಿಂತ ಹೆಚ್ಚು ಮಾರುಕಟ್ಟೆ ಅದರ ಕೈಯಲ್ಲಿದ್ದಾಗ. ನಮ್ಮ ಸಾಮಾನ್ಯ ಜನ ವಿಮಾನ ಹತ್ತಿದ್ದು ದರ ಇಳಿದುದರಿಂದ, ಪಾಯಿಂಟಿನಿಂದಲ್ಲ ಎಂದು ನಾವು ಧೈರ್ಯವಾಗಿ ಹೇಳಬಹುದು. ಕರಾವಳಿಯಿಂದ ಗಲ್ಫಿಗೆ ಹೋಗುವ ನಮ್ಮ ದುಡಿಮೆಗಾರರನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ರಜೆ, ಅತ್ಯಂತ ಅಗ್ಗದ ಟಿಕೇಟು. 2015-16ರ ಹೊತ್ತಿಗೆ ಅಮೆರಿಕದ ದೊಡ್ಡ ಕಂಪೆನಿಗಳು ಹಾರಿದ ದೂರದ ಬದಲು ಕೊಟ್ಟ ಹಣಕ್ಕೆ ತಕ್ಕಂತೆ ಮೈಲಿ ಕೊಡತೊಡಗಿದವು. ಬೇರೆ ದೇಶಗಳ ಕಂಪೆನಿಗಳಲ್ಲೂ ಅಗ್ಗದ ಟಿಕೇಟಿಗೆ ಮೈಲಿ ಕಡಿಮೆ. ಒಂದು ಬಿಟ್ಟಿ ಟಿಕೇಟಿಗೆ ಸಾಲುವಷ್ಟು ಒಟ್ಟಾಗುವ ಮೊದಲೇ ಅವಧಿ ತೀರಿರುತ್ತದೆ. ಕುಟುಂಬವನ್ನು ನೋಡಲು ಹಾರುವವನಿಗಿಂತ ಕಂಪೆನಿಯ ಮೀಟಿಂಗಿಗೆ ಹಾರುವವನಿಗೆ ಈ ಲೋಕದಲ್ಲಿ ಮರ್ಯಾದೆ ಹೆಚ್ಚು.

ತರುಣನನ್ನು ದೂರಿ ಪ್ರಯೋಜನವಿಲ್ಲ. ಅವನು ಯಾವ ನಿಯಮವನ್ನೂ ಮುರಿದಿಲ್ಲ. ಬಾಕಿಯನ್ನು ತಪ್ಪದೆ ಕಟ್ಟುವವನು. ಮದುವೆಯ ಮರುವಾರ ನಾವು ಆ ಹಿರಿಯರ ಅಂಗಡಿಗೆ ಹೋಗಿದ್ದೆವು. ಗಲ್ಲೆಯ ಮೇಲೆ ಕಾರ್ಡು ಯಂತ್ರವೂ ಇತ್ತು, ಯುಪಿಐಯ ಕ್ಯೂಆರ್ ಫಲಕವೂ ಇತ್ತು. 2016ರಲ್ಲಿ ಬಂದ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವರಿಂದ ಕಮಿಷನ್ ಮುರಿಯುವಂತಿಲ್ಲ, ಹಾಗಾಗಿ ಬ್ಯಾಂಕ್ ಖಾತೆಯಿಂದ ನೇರ ಹೋಗುವ ಹಣಕ್ಕೆ ಹೇಳಿಕೊಳ್ಳುವಂಥ ಪಾಯಿಂಟೂ ಇಲ್ಲ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಅದೇ ಫಲಕದ ಮೂಲಕ ಬಳಸಬಹುದಾಗಿದೆ, ಅದರ ಕಮಿಷನ್ ಬೇರೆ ಲೆಕ್ಕ. ಹಿರಿಯರಿಗೆ ಇದಿಷ್ಟೂ ಬಾಯಿಪಾಠ. ಎರಡು ಲುಂಗಿ ಕಟ್ಟಿಸಿ ನಾವು ಕಿಸೆಗೆ ಕೈ ಹಾಕಿದಾಗ, “ಕಾರ್ಡಾದರೆ ಎರಡು ಪರ್ಸೆಂಟ್ ಹೆಚ್ಚು ಕೇಳುವವರಿದ್ದಾರೆ, ನಾನು ಕೇಳುವುದಿಲ್ಲ. ಕೇಳಿದರೆ ಗಿರಾಕಿ ಪಕ್ಕದ ಮಾಲಿಗೆ ಹೋಗುತ್ತಾನೆ” ಎಂದರು. ನಾವು ನೋಟು ಕೊಟ್ಟೆವು. ಚಿಲ್ಲರೆ ಎಣಿಸಿ ಕೊಟ್ಟು, ಲುಂಗಿಯ ಕಟ್ಟಿನ ಮೇಲೆ ಒಂದು ಕರವಸ್ತ್ರ ಇಟ್ಟರು.